ಬಳ್ಳಾರಿಯ ಸೆಕೆಯೂ ನೀಹಾರಿಕೆಯ ಚಿತ್ರವೂ

ಮೇ ತಿಂಗಳ ರಾತ್ರಿ. ಗಂಟೆ ಒಂಬತ್ತಾಗಿದೆ. ಹಗಲೆಲ್ಲ 40 ಡಿಗ್ರಿಯ ಬಿಸಿಲು ಕುಡಿದ ಬಳ್ಳಾರಿಯ ಮಾಳಿಗೆಗಳು ಇನ್ನೂ ಕಾವನ್ನು ಕಾರುತ್ತಲೇ ಇವೆ. ಸಂಜೆ ನೀರು ಚಿಮುಕಿಸಿ, ಚಾಪೆ ಹಾಸಿ, ಗಾಳಿಯ ಸುಳಿವಿಗಾಗಿ ಕಾಯುತ್ತ ಮಲಗಿದವರ ಕಣ್ಣಿಗೆ ಆಕಾಶವಲ್ಲದೆ ಬೇರೇನು ಕಂಡೀತು? ಊರ ದೀಪಗಳ ಮಬ್ಬಿನಲ್ಲಿಯೂ ನಾಲ್ಕಾರು ನಕ್ಷತ್ರಗಳು ಮಿನುಗುತ್ತವೆ. ಮನೆಯ ಬೇಡಿಕೆಗಳೂ ಇಂತಹ ಹೊತ್ತಿನಲ್ಲಿಯೇ ಹೊರಬೀಳುತ್ತವೆ.

"ಅಪ್ಪಾ, ನೀಹಾರಿಕೆಯ ಫೋಟೋ ತೆಗೆಯುವ ಕ್ಯಾಮರಾ ಕೊಡಿಸುತ್ತೀರಾ?" ಎಂದು ಕಾಲೇಜಿಗೆ ಹೋಗುವ ಮಗಳು ಕೇಳುತ್ತಾಳೆ. ತಂದೆ ಬೆಲೆ ವಿಚಾರಿಸುತ್ತಾರೆ. ಉತ್ತರ ಕೇಳಿ ಮೌನ ತಾಳುತ್ತಾರೆ. ತಾಯಿ ಮಾತ್ರ, "ಮನೆಯಲ್ಲಿ ಒಂದು ಕ್ಯಾಮರಾ ಇದೆಯಲ್ಲ, ಅದು ಸಾಲದೇನು?" ಎನ್ನುತ್ತಾರೆ.

ಇಂತಹ ಸಂಭಾಷಣೆ ಇಂದು ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ಮಧ್ಯಮವರ್ಗದ ಸಂಸಾರಕ್ಕೆ ಇದು ಸಣ್ಣ ಖರ್ಚಲ್ಲ. ತಪ್ಪು ವಸ್ತು ಮನೆಗೆ ಬಂದರೆ ನಷ್ಟವಾಗುವುದು ಹಣವೊಂದೇ ಅಲ್ಲ; ನಾಲ್ಕು ರಾತ್ರಿ ಸೋತ ಮಗು ಆಕಾಶವನ್ನೇ ಕೈಬಿಡುವ ಭಯವೂ ಉಂಟು. ಆದುದರಿಂದ ಮಗಳ ಆಸೆಯನ್ನಾಗಲಿ ತಾಯಿಯ ಪ್ರಶ್ನೆಯನ್ನಾಗಲಿ ಹಗುರವಾಗಿ ಕಾಣದೆ ವಿಚಾರ ಮಾಡುವುದು ಒಳ್ಳೆಯದು.

ಈ ಸೀಮೆಗೆ ಬಂದ ಕ್ಯಾಮರಾಗಳು

ಆಕಾಶಕ್ಕೆ ಕ್ಯಾಮರಾ ಹೂಡಿದವರು ಈ ಸೀಮೆಗೆ ಹೊಸಬರಲ್ಲ. 1980ರ ಫೆಬ್ರವರಿ 16ರಂದು ಸಂಭವಿಸಿದ ಖಗ್ರಾಸ ಸೂರ್ಯಗ್ರಹಣದ ನೆರಳು ಕರ್ನಾಟಕವನ್ನು ಅಡ್ಡಹಾಯ್ದು ಹೋಯಿತು. ಅದನ್ನು ಸೆರೆಹಿಡಿಯಲು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಎರಡು ಕಡೆ ಬೀಡುಬಿಟ್ಟರು. ಒಂದು ಹುಬ್ಬಳ್ಳಿಯ ಬಳಿಯ ಹೊಸೂರು. ಇನ್ನೊಂದು ರಾಯಚೂರು ಜಿಲ್ಲೆಯ ಜವಳಗೇರಾ. ಸಿರುಗುಪ್ಪದಿಂದ ತುಂಗಭದ್ರೆಯನ್ನು ದಾಟಿ ಸಿಂಧನೂರಿನ ಕಡೆಗೆ ಸಾಗಿದರೆ ಜವಳಗೇರಾ ದೂರವೇನಲ್ಲ. ಅಂದು ಮಧ್ಯಾಹ್ನ ಎಷ್ಟೋ ಮನೆಗಳು ಬಾಗಿಲು ಮುಚ್ಚಿಕೊಂಡಿದ್ದಾಗ ಆ ಬೀಡಿನ ಉಪಕರಣಗಳು ಮೂರು ನಿಮಿಷಕ್ಕೂ ಕಡಿಮೆಯಾದ ಕತ್ತಲೆಗಾಗಿ ಕಾದಿದ್ದವು.

ನೀಹಾರಿಕೆಯ ಚಿತ್ರಕ್ಕೆ ಅಂತಹ ಅವಸರವಿಲ್ಲ. ಈ ರಾತ್ರಿ ತಪ್ಪಿದರೆ ಮುಂದಿನ ಅಮಾವಾಸ್ಯೆ ಇದ್ದೇ ಇದೆ. ಆದರೆ ಬೇರೆ ಕಷ್ಟವಿದೆ. ಸೂರ್ಯ, ಚಂದ್ರ, ಗ್ರಹಗಳು ಬೆಳಕನ್ನು ಧಾರಾಳವಾಗಿ ಕೊಡುತ್ತವೆ; ಅವುಗಳ ಚಿತ್ರ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಮಹಾವ್ಯಾಧನ ಕಠಾರಿಯಲ್ಲಿರುವ ನೀಹಾರಿಕೆಯಾದರೋ ಸುಮಾರು 1,300 ಜ್ಯೋತಿರ್ವರ್ಷಗಳ ಆಚೆಯದು. ದೇವಯಾನಿ ಪುಂಜದ ಗೆಲಾಕ್ಸಿಯ ಬೆಳಕು 25 ಲಕ್ಷ ವರ್ಷ ಪಯಣಿಸಿ ಇಲ್ಲಿಗೆ ತಲಪುತ್ತದೆ. ಅಷ್ಟು ಕ್ಷೀಣವಾದ ಬೆಳಕನ್ನು ಹನಿಹನಿಯಾಗಿ ಕೂಡಿಡಬೇಕು. 1880ರಲ್ಲಿ ಅಮೆರಿಕದ ಹೆನ್ರಿ ಡ್ರೇಪರ್ ಮೊತ್ತಮೊದಲು ಮಹಾವ್ಯಾಧ ನೀಹಾರಿಕೆಯ ಛಾಯಾಚಿತ್ರ ತೆಗೆದಾಗ ಗಾಜಿನ ಫಲಕವನ್ನು ಸುಮಾರು 50 ನಿಮಿಷ ಆಕಾಶಕ್ಕೆ ತೆರೆದಿಟ್ಟಿದ್ದನು. ಇಂದಿನ ಕ್ಯಾಮರಾ ಆ ಫಲಕಕ್ಕಿಂತ ಎಷ್ಟೋ ಪಾಲು ಚುರುಕು. ಆದರೂ ತಾಳ್ಮೆಯ ಅಗತ್ಯ ತಪ್ಪಿಲ್ಲ.

ಮೊದಲು ಪೀಠ, ಆಮೇಲೆ ಕ್ಯಾಮರಾ

ಭೂಮಿ ತಿರುಗುತ್ತಿರುವುದರಿಂದ ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಸರಿಯುತ್ತದೆ. 50 ಮಿಲಿಮೀಟರಿನ ಲೆನ್ಸ್ ಹಾಕಿದ ಕ್ಯಾಮರಾವನ್ನು ಸಾಮಾನ್ಯ ಸ್ಟ್ಯಾಂಡಿನ ಮೇಲಿಟ್ಟು ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆರೆದರೆ ನಕ್ಷತ್ರಗಳು ಚುಕ್ಕಿಗಳಾಗಿ ಉಳಿಯದೆ ಗೆರೆಗಳಾಗುತ್ತವೆ. ದೂರದರ್ಶಕದ ಮೂಲಕ ನೋಡಿದರಂತೂ ಒಂದೆರಡು ಸೆಕೆಂಡಿನಲ್ಲಿಯೇ ಅವು ಜಾರುತ್ತವೆ. ಇದನ್ನು ತಡೆಯುವುದು ಮೌಂಟ್ ಎಂದು ಕರೆಯುವ ಚಾಲಕ ಪೀಠ. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಹೂಡಿದರೆ ಒಳಗಿನ ಮೋಟಾರು ಆಕಾಶದ ಜೊತೆಜೊತೆಗೇ ಕ್ಯಾಮರಾವನ್ನು ತಿರುಗಿಸುತ್ತದೆ.

ಇಲ್ಲಿ ಸ್ಥಳದ ಲಕ್ಷಣವೊಂದನ್ನು ಗಮನಿಸಬೇಕು. ಊರಿನ ಅಕ್ಷಾಂಶ ಎಷ್ಟೋ ಧ್ರುವ ನಕ್ಷತ್ರದ ಎತ್ತರವೂ ಅಷ್ಟೇ. ಬಳ್ಳಾರಿಯಲ್ಲಿ ಅದು ಕ್ಷಿತಿಜದಿಂದ ಕೇವಲ 15 ಡಿಗ್ರಿ ಮೇಲಿರುತ್ತದೆ. ಪಕ್ಕದ ಮನೆಯ ನೀರಿನ ಟ್ಯಾಂಕು ಸಾಕು ಅದನ್ನು ಮರೆಮಾಡಲು. ಕುರುಗೋಡಿನಲ್ಲಾದರೆ ಬಂಡೆಗಲ್ಲಿನ ಗುಡ್ಡಗಳೇ ಅಡ್ಡಬರಬಹುದು. ಆದುದರಿಂದ ಉಪಕರಣ ಕೊಳ್ಳುವ ಮೊದಲು ಉತ್ತರ ದಿಕ್ಕು ತೆರೆದಿರುವ ಜಾಗ ಮನೆಯಲ್ಲಿ ಇದೆಯೇ ಎಂದು ನೋಡಿಕೊಳ್ಳುವುದು ಜಾಣತನ.

ಕೂಡಿಟ್ಟ ಹಣದ ದೊಡ್ಡ ಪಾಲು ಈ ಪೀಠಕ್ಕೆ ಸಲ್ಲಬೇಕು. ದುರ್ಬಲ ಪೀಠದ ಮೇಲೆ ಕೂತ ದುಬಾರಿ ಕ್ಯಾಮರಾ ಗೆರೆಗಳನ್ನೇ ಸೊಗಸಾಗಿ ಚಿತ್ರಿಸಿಕೊಡುತ್ತದೆ, ಅಷ್ಟೆ. ಗಟ್ಟಿ ಪೀಠದ ಮೇಲೆ ಮನೆಯ ಹಳೆಯ ಕ್ಯಾಮರಾ ಕೂತರೂ ಕೃತ್ತಿಕೆಯ ನಕ್ಷತ್ರಗುಚ್ಛವಾಗಲಿ ದೇವಯಾನಿಯ ಗೆಲಾಕ್ಸಿಯಾಗಲಿ ಚಿತ್ರದಲ್ಲಿ ಮೂಡುತ್ತವೆ. ಮೊದಲ ವರ್ಷದ ಮಟ್ಟಿಗೆ ತಾಯಿಯ ಮಾತೇ ಸರಿ: ಮನೆಯಲ್ಲಿರುವ ಕ್ಯಾಮರಾ ಸಾಕು. ಮಸೂರ ಬದಲಿಸಬಹುದಾದ ಡಿಜಿಟಲ್ ಕ್ಯಾಮರಾ, ಪೀಠ, ಅರ್ಧ ಅಥವಾ ಒಂದು ನಿಮಿಷದ ನೂರಾರು ಎಕ್ಸ್‌ಪೋಷರ್‌ಗಳು, ಅವುಗಳನ್ನು ಒಂದರ ಮೇಲೊಂದು ಕೂಡಿಸುವ ಕಂಪ್ಯೂಟರು: ಇಷ್ಟರಿಂದ ಕೆಲಸ ಆರಂಭವಾಗುತ್ತದೆ. ನಾಲ್ಕರಷ್ಟು ಹೊತ್ತು ಬೆಳಕು ಕೂಡಿಟ್ಟರೆ ಚಿತ್ರದ ಶುದ್ಧಿ ಇಮ್ಮಡಿಯಾಗುತ್ತದೆ ಎಂಬುದು ಲೆಕ್ಕ.

ಆದರೆ ಆ ಕ್ಯಾಮರಾಕ್ಕೆ ಎರಡು ಕೊರತೆಗಳಿವೆ. ಒಂದು ಬಣ್ಣದ್ದು. ನೀಹಾರಿಕೆಗಳಲ್ಲಿ ಹೊಳೆಯುವ ಜಲಜನಕದ ಕೆಂಪು ಬೆಳಕಿನ ತರಂಗ 656.3 ನ್ಯಾನೊಮೀಟರಿನದು. ಮದುವೆ, ಪ್ರವಾಸಗಳ ಚಿತ್ರಗಳಲ್ಲಿ ಮೈಬಣ್ಣ ಸಹಜವಾಗಿ ಕಾಣಲೆಂದು ತಯಾರಕರು ಒಳಗಿಡುವ ಫಿಲ್ಟರ್ ಈ ಕೆಂಪಿನ ಬಹುಪಾಲನ್ನು ತಡೆಯುತ್ತದೆ. ಗೆಲಾಕ್ಸಿ, ನಕ್ಷತ್ರಗುಚ್ಛಗಳಿಗೆ ಇದರಿಂದ ಹೆಚ್ಚಿನ ಬಾಧೆಯಿಲ್ಲ. ಕೆಂಪು ನೀಹಾರಿಕೆಗಳು ಮಾತ್ರ ಸೊರಗುತ್ತವೆ. ಈ ಫಿಲ್ಟರನ್ನು ಬದಲಿಸಿದ ಮಾದರಿಗಳನ್ನು ಕ್ಯಾನನ್ ಕಂಪನಿ 2005ರಲ್ಲಿಯೂ 2012ರಲ್ಲಿಯೂ 2019ರಲ್ಲಿಯೂ ಖಗೋಳಾಸಕ್ತರಿಗೆಂದೇ ತಂದಿತ್ತು. ಎರಡನೆಯ ಕೊರತೆ ಸೆಕೆಯದು. ಬಳ್ಳಾರಿಯವರಿಗೆ ಅದೇ ಮುಖ್ಯವಾದುದು.

ಅಕ್ಕಿಯೊಳಗಿನ ಕಲ್ಲು

ಡಿಜಿಟಲ್ ಕ್ಯಾಮರಾದ ಹೃದಯ ಸೆನ್ಸರ್ ಎಂಬ ಸಿಲಿಕಾನ್ ಬಿಲ್ಲೆ. ಅದರ ಮೇಲೆ ಪಿಕ್ಸೆಲ್ ಎಂಬ ಲಕ್ಷಾಂತರ ಸಣ್ಣ ಕೋಶಗಳು. ಬೆಳಕು ಬಿದ್ದಾಗ ಕೋಶದಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಅವುಗಳ ಎಣಿಕೆಯೇ ಚಿತ್ರ. ಆದರೆ ಎಲೆಕ್ಟ್ರಾನುಗಳನ್ನು ಬಿಡಿಸಲು ಬೆಳಕೇ ಆಗಬೇಕೆಂದಿಲ್ಲ, ಶಾಖವೂ ಸಾಕು. ಕತ್ತಲೆಯಲ್ಲಿ ಮುಚ್ಚಿಟ್ಟ ಬಿಲ್ಲೆಯಲ್ಲಿಯೂ ಕಾವಿನಿಂದ ಸುಳ್ಳು ಎಲೆಕ್ಟ್ರಾನುಗಳು ಸೇರುತ್ತಲೇ ಇರುತ್ತವೆ. ಬಿಲ್ಲೆಯ ಉಷ್ಣತೆ ಸುಮಾರು ಆರು ಡಿಗ್ರಿ ಏರಿದಾಗಲೆಲ್ಲ ಈ ಕಲಬೆರಕೆ ಇಮ್ಮಡಿಯಾಗುತ್ತದೆ.

ಈ ಲೆಕ್ಕವನ್ನು ಬಳ್ಳಾರಿಗೆ ಹಚ್ಚಿ ನೋಡಬಹುದು. ಡಿಸೆಂಬರಿನ ರಾತ್ರಿ 18 ಡಿಗ್ರಿಯಿದ್ದು ಮೇ ತಿಂಗಳ ರಾತ್ರಿ 30 ಡಿಗ್ರಿಯಿದ್ದರೆ ಅದೇ ಕ್ಯಾಮರಾದ ಕಲಬೆರಕೆ ನಾಲ್ಕರಷ್ಟಾಗುತ್ತದೆ. ಗಂಟೆಗಟ್ಟಲೆ ದುಡಿದ ಕ್ಯಾಮರಾದ ಒಳಗಿನ ಕಾವು ಹೊರಗಿನದಕ್ಕಿಂತ ಇನ್ನೂ ಹೆಚ್ಚು.

ಇದನ್ನು ಸಿರುಗುಪ್ಪದ ಅಕ್ಕಿಯ ಉಪಮೆಯಿಂದ ತಿಳಿಯುವುದು ಸುಲಭ. ಅಕ್ಕಿಯಲ್ಲಿ ಕಲ್ಲಿದ್ದರೆ ಮೊರದಲ್ಲಿ ಹಾಕಿ ಆರಿಸಬಹುದು. ಚಿತ್ರದಲ್ಲಿ ಸದಾ ಒಂದೇ ಜಾಗದಲ್ಲಿ ಹೊಳೆಯುವ ಬಿಸಿ ಚುಕ್ಕಿಗಳು ಅಂತಹ ಕಲ್ಲುಗಳು. ಲೆನ್ಸಿನ ಮುಚ್ಚಳ ಹಾಕಿ, ಅಷ್ಟೇ ಉಷ್ಣತೆಯಲ್ಲಿ ಅಷ್ಟೇ ಹೊತ್ತಿನ ಕತ್ತಲೆ ಚಿತ್ರಗಳನ್ನು ತೆಗೆದು ಮೂಲದಿಂದ ಕಳೆದರೆ ಅವು ಹೊರಟುಹೋಗುತ್ತವೆ. ಆದರೆ ಶಾಖದ ಕಲಬೆರಕೆ ಕ್ಷಣಕ್ಷಣಕ್ಕೂ ಏರುಪೇರಾಗುತ್ತದೆ. ಆ ಏರುಪೇರು ಅಕ್ಕಿಗೆ ಮೆತ್ತಿದ ಧೂಳಿನಂತೆ, ಮೊರಕ್ಕೆ ಸಿಗುವುದಿಲ್ಲ. ಅದು ಹುಟ್ಟದಂತೆ ತಡೆಯುವುದೊಂದೇ ದಾರಿ. ಎಂದರೆ ಬಿಲ್ಲೆಯನ್ನು ತಣ್ಣಗಿಡಬೇಕು.

ವೃತ್ತಿಪರರು ಹಿಡಿದ ದಾರಿಯೂ ಇದೇ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವುದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತ ವಿಜ್ಞಾನಿಗಳು, ಉಪಗ್ರಹ ಸಂಪರ್ಕದ ಮೂಲಕ. ನೀರು ಹೆಪ್ಪುಗಟ್ಟುವ ಆ ಚಳಿಯಲ್ಲಿಯೂ ಅದರ ಕ್ಯಾಮರಾವನ್ನು ದ್ರವ ಸಾರಜನಕದಿಂದ ತಣಿಸುತ್ತಾರೆ. ಹಾನ್ಲೆಯ ಚಳಿ ಸಾಲದೆಂದಾದರೆ ಬಳ್ಳಾರಿಯ ಸೆಕೆಯ ಮಾತೇನು!

ಮನೆಯ ಮಟ್ಟದಲ್ಲಿ ದ್ರವ ಸಾರಜನಕ ಬೇಕಿಲ್ಲ. ವಿದ್ಯುತ್ತು ಹರಿದಾಗ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗುವ ಗುಣವನ್ನು ಫ್ರಾನ್ಸಿನ ಪೆಲ್ಟಿಯೇ 1834ರಲ್ಲಿ ಕಂಡುಹಿಡಿದನು. ಅದೇ ತತ್ವದ ಬಿಲ್ಲೆಯನ್ನೂ ಸಣ್ಣ ಫ್ಯಾನನ್ನೂ ಒಳಗೊಂಡ ಖಗೋಳ ಕ್ಯಾಮರಾಗಳು ಇಂದು ಮಾರುಕಟ್ಟೆಯಲ್ಲಿವೆ. ಸಾಮಾನ್ಯವಾಗಿ ಇವು ಸುತ್ತಲಿನ ಹವೆಗಿಂತ ಸುಮಾರು 35 ಡಿಗ್ರಿಯಷ್ಟು ಸೆನ್ಸರನ್ನು ತಣಿಸಬಲ್ಲವು. ಇಲ್ಲಿ ಕೊಳ್ಳುವವರು ಎಚ್ಚರ ವಹಿಸಬೇಕು. ಶೀತದೇಶದವರು ತಮ್ಮ ಕ್ಯಾಮರಾವನ್ನು ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಇರಿಸುತ್ತಾರೆಂದು ಓದಿ, ಇಲ್ಲಿಯೂ ಅದನ್ನೇ ನಿರೀಕ್ಷಿಸಿದರೆ ಆಶಾಭಂಗ ತಪ್ಪದು. 30 ಡಿಗ್ರಿಯ ರಾತ್ರಿಯಲ್ಲಿ ಅದು ಹೆಚ್ಚೆಂದರೆ ಶೂನ್ಯಕ್ಕಿಂತ 5 ಡಿಗ್ರಿ ಕೆಳಗೆ ಇಳಿದೀತು. ಅದೂ ತನ್ನ ಶಕ್ತಿಯನ್ನೆಲ್ಲ ಹಾಕಿ. ಆದುದರಿಂದ ವರ್ಷವಿಡೀ 0 ಡಿಗ್ರಿ ಎಂದು ಗೊತ್ತುಮಾಡಿಕೊಳ್ಳುವುದು ಬಳ್ಳಾರಿಗೆ ಒಪ್ಪುವ ಏರ್ಪಾಡು. 30 ಡಿಗ್ರಿಯಿಂದ 0 ಡಿಗ್ರಿಗೆ ಇಳಿದರೆ ಕಲಬೆರಕೆ ಮೂವತ್ತೆರಡರಲ್ಲಿ ಒಂದು ಪಾಲಾಗುತ್ತದೆ. ಉಷ್ಣತೆ ಸ್ಥಿರವಾಗಿರುವುದರಿಂದ ಕತ್ತಲೆ ಚಿತ್ರಗಳನ್ನು ಮಳೆಗಾಲದಲ್ಲಿ ಒಮ್ಮೆ ತೆಗೆದಿಟ್ಟುಕೊಂಡು ತಿಂಗಳುಗಟ್ಟಲೆ ಬಳಸಬಹುದು. ಎಕ್ಸ್‌ಪೋಷರ್ ಹೊತ್ತನ್ನು ಮಾತ್ರ ಬದಲಿಸಬಾರದು.

ದೊಡ್ಡ ಸಂಖ್ಯೆಗಳ ಮೋಹ

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಮೆಗಾಪಿಕ್ಸೆಲ್ ಎಂಬ ಮಂತ್ರ. ನೀಹಾರಿಕೆಯ ಚಿತ್ರಕ್ಕೆ ಅದು ಅಳತೆಗೋಲಲ್ಲ. ಖಗೋಳ ಕ್ಯಾಮರಾಗಳಲ್ಲಿ ಹೆಸರಾದ ಸೋನಿ ಕಂಪನಿಯ ಎರಡು ಸೆನ್ಸರುಗಳನ್ನು ನೋಡಬಹುದು. ಐಎಂಎಕ್ಸ್ 533 ಎಂಬುದು ಸುಮಾರು 11 ಮಿಲಿಮೀಟರಿನ ಚೌಕ. 90 ಲಕ್ಷ ಪಿಕ್ಸೆಲುಗಳು. ಐಎಂಎಕ್ಸ್ 571 ಎಂಬುದು ಸುಮಾರು 23.5 ಮಿಲಿಮೀಟರ್ ಉದ್ದ, 15.7 ಮಿಲಿಮೀಟರ್ ಅಗಲ. 260 ಲಕ್ಷ ಪಿಕ್ಸೆಲುಗಳು. ಆದರೆ ಪಿಕ್ಸೆಲಿನ ಗಾತ್ರ ಎರಡರಲ್ಲಿಯೂ ಒಂದೇ, 3.76 ಮೈಕ್ರಾನ್. ದೊಡ್ಡದು ಕೊಡುವುದು ದೊಡ್ಡ ಕಿಟಕಿಯನ್ನು. ಕಿಟಕಿಯ ಗಾಜು ಬಹುಮಟ್ಟಿಗೆ ಅದೇ. ನಾಭಿದೂರ 400 ಮಿಲಿಮೀಟರ್ ಇರುವ ಸಣ್ಣ ದೂರದರ್ಶಕದಲ್ಲಿ ಚೌಕ ಸೆನ್ಸರ್ ಆಕಾಶದ ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚನ್ನು ಕಾಣುತ್ತದೆ. ಒಂದು ಡಿಗ್ರಿಯಷ್ಟಿರುವ ಮಹಾವ್ಯಾಧ ನೀಹಾರಿಕೆ ಅದರಲ್ಲಿ ಹಾಯಾಗಿ ಕೂರುತ್ತದೆ. ಮೂರು ಡಿಗ್ರಿ ಉದ್ದದ ದೇವಯಾನಿ ಗೆಲಾಕ್ಸಿಗೆ ಮಾತ್ರ ದೊಡ್ಡ ಸೆನ್ಸರೇ ಬೇಕು.

ಕ್ಯಾಮರಾವೂ ದೂರದರ್ಶಕವೂ ಜೋಡಿ ಎತ್ತುಗಳಂತೆ ಹೊಂದಬೇಕು. ಇದನ್ನು ತಿಳಿಯಲು ಸರಳವಾದ ಲೆಕ್ಕವಿದೆ: ಪಿಕ್ಸೆಲಿನ ಮೈಕ್ರಾನ್ ಅಳತೆಯನ್ನು 206ರಿಂದ ಗುಣಿಸಿ, ದೂರದರ್ಶಕದ ನಾಭಿದೂರದ ಮಿಲಿಮೀಟರುಗಳಿಂದ ಭಾಗಿಸಬೇಕು. ಬರುವ ಉತ್ತರ ವಿಕಲೆಗಳಲ್ಲಿರುತ್ತದೆ. ವಿಕಲೆಯೆಂದರೆ ಡಿಗ್ರಿಯ 3,600ನೆಯ ಒಂದು ಪಾಲು. 3.76 ಮೈಕ್ರಾನಿಗೆ 400 ಮಿಲಿಮೀಟರಾದರೆ ಪಿಕ್ಸೆಲಿಗೆ ಸುಮಾರು 1.9 ವಿಕಲೆ, ಇದು ಹಿತವಾದ ಜೋಡಿ. ಅದೇ ಕ್ಯಾಮರಾವನ್ನು 2,000 ಮಿಲಿಮೀಟರಿನ ದೂರದರ್ಶಕಕ್ಕೆ ಹಚ್ಚಿದರೆ 0.4 ವಿಕಲೆಯೂ ಆಗದು. ಗಾಳಿಯ ಅಲುಗಾಟ ನಕ್ಷತ್ರವನ್ನು ಹಲವು ಬಾರಿ ಎರಡು ಮೂರು ವಿಕಲೆಗಳಷ್ಟು ಹಬ್ಬಿಸುವಾಗ ಅಂತಹ ಸೂಕ್ಷ್ಮತೆಯಿಂದ ಪ್ರಯೋಜನವೇನು? ಪೀಠದ ಸಣ್ಣ ತಪ್ಪೂ ಅಲ್ಲಿ ಎದ್ದು ಕಾಣುತ್ತದೆ.

ಬಣ್ಣದ ಕ್ಯಾಮರಾ ಮೇಲೋ ಕಪ್ಪುಬಿಳುಪಿನದು ಮೇಲೋ ಎಂಬ ಚರ್ಚೆಯೂ ಉಂಟು. ಕಪ್ಪುಬಿಳುಪಿನ ಸೆನ್ಸರಿನ ಪ್ರತಿಯೊಂದು ಕೋಶವೂ ಬೀಳುವ ಬೆಳಕನ್ನೆಲ್ಲ ಬಳಸುತ್ತದೆ. ಆದರೆ ಕೆಂಪು, ಹಸಿರು, ನೀಲಿ ಫಿಲ್ಟರುಗಳನ್ನು ಬೇರೆಬೇರೆಯಾಗಿ ಹಾಕಿ ಚಿತ್ರ ತೆಗೆಯಬೇಕು. ಖರ್ಚೂ ದುಡಿಮೆಯೂ ಹೆಚ್ಚು. ಮರುದಿನ ಬೆಳಿಗ್ಗೆ ಕಾಲೇಜಿಗೋ ಕಚೇರಿಗೋ ಹೋಗಬೇಕಾದವರಿಗೆ ಬಣ್ಣದ ಕ್ಯಾಮರಾವೇ ಲೇಸು. ಗ್ರಹಗಳಿಗಾಗಿ ಮಾಡಿದ, ತಂಪು ವ್ಯವಸ್ಥೆಯಿಲ್ಲದ ಪುಟ್ಟ ಕ್ಯಾಮರಾಗಳು ಬೆಲೆಯಲ್ಲಿ ಆಕರ್ಷಕವಾಗಿದ್ದರೂ ಈ ಕೆಲಸಕ್ಕೆ ತಕ್ಕವಲ್ಲ.

ಇಷ್ಟೆಲ್ಲ ಜಂಜಾಟ ಬೇಡವೆನ್ನುವ ಮನೆಗಳಿಗೆ ದೂರದರ್ಶಕ, ಪೀಠ, ಕ್ಯಾಮರಾ ಮೂರೂ ಒಂದೇ ಪೆಟ್ಟಿಗೆಯಲ್ಲಿ ಅಡಕವಾದ ಉಪಕರಣಗಳೂ ಬಂದಿವೆ. 2023ರಲ್ಲಿ ಬಂದ ಸೀಸ್ಟಾರ್ ಎಸ್50 ಅಂತಹುದು; ಅದರ ಮಸೂರ 50 ಮಿಲಿಮೀಟರ್, ನಾಭಿದೂರ 250 ಮಿಲಿಮೀಟರ್. ಮೊಬೈಲಿನಲ್ಲಿ ಹೆಸರು ಒತ್ತಿದರೆ ಅದು ತಾನೇ ನೀಹಾರಿಕೆಯನ್ನು ಹುಡುಕಿ ಚಿತ್ರವನ್ನು ಕೂಡಿಸುತ್ತ ಹೋಗುತ್ತದೆ. ಸೆನ್ಸರಿಗೆ ತಂಪಿಲ್ಲ, ಕಿಟಕಿ ಚಿಕ್ಕದು. ಆದರೂ ಅಜ್ಜಿಯಿಂದ ಮೊಮ್ಮಗನವರೆಗೆ ಮನೆಮಂದಿಯೆಲ್ಲ ಮೊದಲ ರಾತ್ರಿಯೇ ನೀಹಾರಿಕೆಯನ್ನು ಕಾಣಬಹುದು. ಕಲಿಯುವ ಹಂಬಲವುಳ್ಳ ಮಗುವಿಗೆ ಬಿಡಿಬಿಡಿಯಾದ ಉಪಕರಣಗಳೇ ಹೆಚ್ಚು ಪಾಠ ಹೇಳುತ್ತವೆ.

ಮೂರು ಊರು, ಮೂರು ಆಕಾಶ

ಬಳ್ಳಾರಿ ನಗರದ ಆಕಾಶದಲ್ಲಿ ದೀಪಗಳ ಮಬ್ಬು ಹೆಚ್ಚು. ಹಿಂದಿನ ಸೋಡಿಯಂ ದೀಪಗಳ ಹಳದಿ ಬೆಳಕನ್ನು ಫಿಲ್ಟರಿನಿಂದ ಬಹುಮಟ್ಟಿಗೆ ತಡೆಯಬಹುದಾಗಿತ್ತು. ಬಿಳಿಯ ಎಲ್‌ಇಡಿ ದೀಪಗಳಲ್ಲಿ ಎಲ್ಲ ಬಣ್ಣಗಳೂ ಬೆರೆತಿರುವುದರಿಂದ ಅದು ಸುಲಭವಲ್ಲ. ಜಲಜನಕದ ಕೆಂಪನ್ನೂ ಆಮ್ಲಜನಕದ ಹಸಿರುನೀಲಿಯನ್ನೂ ಮಾತ್ರ ಒಳಬಿಡುವ ಫಿಲ್ಟರ್ ಹಾಕಿದರೆ ನಗರದೊಳಗಿನಿಂದಲೇ ಕೆಂಪು ನೀಹಾರಿಕೆಗಳ ಚಿತ್ರ ದೊರೆಯುತ್ತದೆ. ಗೆಲಾಕ್ಸಿಗಳಿಗೆ ಈ ಉಪಾಯ ಫಲಿಸದು. ಇನ್ನೊಂದು ಮಾತು: ಕಾದ ಮಾಳಿಗೆಗಿಂತ ಹಿತ್ತಲಿನ ಮಣ್ಣು ನೆಲವೇ ಮೇಲು. ಕಾಂಕ್ರೀಟಿನಿಂದ ಏಳುವ ಬಿಸಿಗಾಳಿ ನಕ್ಷತ್ರಗಳನ್ನು ಕದಡುತ್ತದೆ. ಧೂಳಿನ ಊರಾದುದರಿಂದ ಕ್ಯಾಮರಾದ ಫ್ಯಾನನ್ನೂ ಗಾಜನ್ನೂ ಆಗಾಗ ಮೃದುವಾದ ಗಾಳಿ ಊದಿ ಶುಚಿಗೊಳಿಸಬೇಕು.

ಕುರುಗೋಡು ನಗರದ ಉತ್ತರಕ್ಕಿದೆ. ಬಳ್ಳಾರಿಯ ದೀಪಗಳ ಮಬ್ಬು ಅಲ್ಲಿ ದಕ್ಷಿಣ ಕ್ಷಿತಿಜದಲ್ಲಿ ಏಳುತ್ತದೆ; ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬೆಳಕು ನೈಋತ್ಯಕ್ಕೆ. ಉತ್ತರದಲ್ಲಿ ಎತ್ತರಕ್ಕೇರುವ ದೇವಯಾನಿಗೆ ಇದರಿಂದ ಅಷ್ಟಾಗಿ ಅಡ್ಡಿಯಿಲ್ಲ. ಗುಡ್ಡದ ಬಂಡೆಗಳು ರಾತ್ರಿಯೂ ಕಾವನ್ನು ಬಿಡುವುದರಿಂದ ಅವುಗಳಿಂದ ದೂರವಿರುವ ಹೊಲದ ಬದಿ ಅನುಕೂಲ. ಕಲ್ಲುಗಳ ಸಂದಿನಲ್ಲಿ ಚೇಳು ಇರುವುದನ್ನು ಮಕ್ಕಳು ಮರೆಯಬಾರದು.

ಇನ್ನೂ ಉತ್ತರಕ್ಕಿರುವ ಸಿರುಗುಪ್ಪದ ಗದ್ದೆಗಳ ಬಯಲಿನಲ್ಲಿ ಕತ್ತಲೆ ಇನ್ನೂ ಗಾಢ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಿನ್ನರ ಪುಂಜದ ಒಮೆಗಾ ಸೆಂಟಾರಿ ಎಂಬ ಮಹಾ ನಕ್ಷತ್ರಗುಚ್ಛ ದಕ್ಷಿಣದಲ್ಲಿ ಹೆಚ್ಚೆಂದರೆ 27 ಡಿಗ್ರಿ ಎತ್ತರಕ್ಕೆ ಏರುತ್ತದೆ. ಯುರೋಪಿನ ಬಹುಭಾಗಕ್ಕೆ ಕಾಣದ ಆ ಗುಚ್ಛಕ್ಕೆ ಇಂತಹ ಬಯಲೇ ತಕ್ಕುದು. ಆದರೆ ಅದು ಬರುವುದು ಸೆಕೆಯ ನಡುವೆ. ತಂಪು ಕ್ಯಾಮರಾದ ಬೆಲೆ ತಿಳಿಯುವುದು ಆಗಲೇ. ಚಳಿಗಾಲದಲ್ಲಿ ಕಾಲುವೆ, ಗದ್ದೆಗಳ ತೇವದಿಂದ ಮಸೂರದ ಮೇಲೆ ಇಬ್ಬನಿ ಕೂರುವ ಸಂಭವವುಂಟು. ಅದಕ್ಕೆ ಸುತ್ತಿಡುವ ಬಿಸಿಪಟ್ಟಿ ಜೊತೆಗಿರಬೇಕು. ತಂಪು ಕ್ಯಾಮರಾ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ವರೆಗೆ ವಿದ್ಯುತ್ ಎಳೆಯುವುದರಿಂದ ಒಳ್ಳೆಯ ಬ್ಯಾಟರಿಯೂ ಬೇಕು. ಹೊಲದ ಯಜಮಾನರ ಅಪ್ಪಣೆ ಪಡೆದು, ಮನೆಯ ಹಿರಿಯರೊಬ್ಬರ ಜೊತೆಯಲ್ಲಿಯೇ ಹೋಗಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಖರ್ಚಿಲ್ಲದ ಪರೀಕ್ಷೆ

ಹಣ ಕೊಡುವ ಮೊದಲು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಸೆಕೆಯ ರಾತ್ರಿ ಮನೆಯ ಕ್ಯಾಮರಾದ ಲೆನ್ಸಿಗೆ ಮುಚ್ಚಳ ಹಾಕಿ ಮೂರು ನಿಮಿಷ ತೆರೆದಿಟ್ಟು, ಬಂದ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಬೇಕು. ಏನೂ ಇರಬಾರದ ಕಪ್ಪಿನಲ್ಲಿ ಕೆಂಪು, ನೀಲಿ, ಬಿಳಿ ಚುಕ್ಕಿಗಳು ಕಾಣುತ್ತವೆ. ಜನವರಿಯ ರಾತ್ರಿ ಇದೇ ಪರೀಕ್ಷೆಯನ್ನು ಮತ್ತೆ ಮಾಡಿದರೆ ಚುಕ್ಕಿಗಳು ಕಡಿಮೆಯಾಗಿರುತ್ತವೆ. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತಂದೆಗೆ ತೋರಿಸಿದರೆ ತಂಪು ಕ್ಯಾಮರಾ ಏಕೆ ಬೇಕೆಂಬುದನ್ನು ಬೇರೆ ವಿವರಿಸಬೇಕಿಲ್ಲ. ಆ ಚುಕ್ಕಿಗಳಿಂದ ಅಷ್ಟೇನೂ ತೊಂದರೆಯಿಲ್ಲವೆಂದು ಮಗಳಿಗೇ ತೋರಿದರೆ ಸಂಸಾರದ ಹಣ ಉಳಿಯಿತು.

ಕ್ರಮವಂತೂ ಸ್ಪಷ್ಟ. ಮೊದಲು ಜಾಗ, ಆಮೇಲೆ ಪೀಠ, ಆಮೇಲೆ ಸಣ್ಣ ದೂರದರ್ಶಕ; ಅಲ್ಲಿಯವರೆಗೆ ಮನೆಯ ಕ್ಯಾಮರಾ. ಒಂದು ಚಳಿಗಾಲ ದುಡಿದ ಮೇಲೂ ಉತ್ಸಾಹ ಕುಂದದಿದ್ದರೆ, ಮುಂದಿನ ಬೇಸಗೆಗೆ ಮುನ್ನ ತಂಪು ಕ್ಯಾಮರಾ ಮನೆಗೆ ಬರಲಿ. ಮಳೆಗಾಲದ ಮೋಡ ಸರಿದು ದೀಪಾವಳಿಯ ಪಟಾಕಿಯ ಹೊಗೆ ಚದುರಿದ ಮೇಲೆ ಬರುವ ಅಮಾವಾಸ್ಯೆ ಆರಂಭಕ್ಕೆ ಒಳ್ಳೆಯ ದಿನ. ಅಂದು ಸಂಜೆ ಕುರುಗೋಡಿನ ಹೊಲದಲ್ಲಿ ನಿಂತರೆ ದೇವಯಾನಿಯ ಗೆಲಾಕ್ಸಿ ಬರಿಗಣ್ಣಿಗೇ ಮಸುಕು ಮಚ್ಚೆಯಾಗಿ ಕಾಣುತ್ತದೆ. ಮನೆಮಂದಿ ಅದನ್ನು ಮೊದಲು ಕಣ್ಣಿನಿಂದ ನೋಡಲಿ. ಕ್ಯಾಮರಾದ ಮಾತು ಆಮೇಲೆ.